ತಣ್ಣಗಿದ್ದಾಗ ನೋಡಬೇಕಾದ ಗಾಡಿ

ಗಾಡಿಗೆ ಏನೂ ಆಗಿಲ್ಲ ಎಂದು ನಾನು ಮೂರನೆಯ ಸಲ ಹೇಳಿದಾಗ ಪ್ರಣಿತಾ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಹೋಮ್‌ವರ್ಕ್ ಮಾಡದೆ ಬಂದ ಹುಡುಗ ‘ವಹಿ ಮನೆಯಲ್ಲೇ ಉಳಿಯಿತು’ ಎಂದಾಗ ಟೀಚರು ನೋಡುತ್ತಾರಲ್ಲ, ಹಾಗೆ. ಅವಳು ಟೀಚರೇ. ದುಧನಿಯ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆಗೆ ಕಲಿಸುತ್ತಾಳೆ.

“ಹಂಗಾರ ನಾ ಸುಳ್ಳು ಹೇಳಾಕತ್ತೀನೇನ್ರಿ?” ಎಂದು ಕೇಳಿದಳು.

ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಅವಳ ಸಣ್ಣ ಬಿಳಿ ಕಾರು, ತೊಂಬತ್ತೊಂಬತ್ತರ ಮಾಡೆಲ್, ಚೋಕ್ ಎಳೆದು ಸ್ಟಾರ್ಟ್ ಮಾಡುವ ಕಾಲದ್ದು, ನನ್ನ ಗ್ಯಾರೇಜಿನ ಮುಂದೆ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಅವಳು ಹೇಳುವ ಪ್ರಕಾರ ಅದೇ ಗಾಡಿ ಬೆಳಿಗ್ಗೆ ಮನೆಯಲ್ಲಿ ಹತ್ತು ಸಲ ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಹಿಡಿದರೂ ಎರಡು ಕ್ಷಣಕ್ಕೆ ಬಂದ್ ಬೀಳುತ್ತದೆ. ಬೀಳದೆ ಉಳಿದರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತದೆ. ಅಕ್ಕಲಕೋಟದ ಆಚೆಯಿಂದ ನಲವತ್ತೈದು ಕಿಲೋಮೀಟರ್ ಓಡಿ ಸೊಲ್ಲಾಪುರಕ್ಕೆ ಬರುವಷ್ಟರಲ್ಲಿ ಮಾತ್ರ ಎಲ್ಲಿಲ್ಲದ ಸಂಭಾವಿತತನ ಬಂದಿರುತ್ತದೆ.

ನಾನು ಯೋಗಿರಾಜ. ವಿಜಾಪುರ ರಸ್ತೆಯಲ್ಲಿ ಮುಂದಿರುವ ಸ್ಪೇರ್ ಪಾರ್ಟ್ಸ್ ಅಂಗಡಿ ನಮ್ಮಪ್ಪ ಚನ್ನವೀರಪ್ಪನವರದು, ಹಿಂದಿನ ತಗಡಿನ ಶೆಡ್ಡು ನನ್ನದು. ವ್ಯಾಪಾರಸ್ಥರ ಮನೆಯ ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಬಿಟ್ಟು ಗಾಡಿಯ ಕೆಳಗೆ ಮಲಗುತ್ತಾನೆ ಎಂದು ಅಪ್ಪನಿಗೆ ಬೇಸರ. ಇದೇ ಕಾರಣಕ್ಕೆ ಎರಡು ಕಡೆಯ ಹೆಣ್ಣಿನವರು ‘ತಿಳಿಸ್ತೀವಿ’ ಎಂದು ಹೋದವರು ತಿಳಿಸಲೇ ಇಲ್ಲ. ಹೋಗಲಿ ಬಿಡಿ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ ಎಂಬ ಹೆಸರು ನನಗಿದೆ. ಮನುಷ್ಯರ ವಿಷಯದಲ್ಲಿ ಮಾತ್ರ ನಾನು ಕಿವುಡ. ಈ ಹನ್ನೊಂದು ದಿನದಲ್ಲಿ ನನಗೆ ಯಾವುದೂ ನೆಟ್ಟಗೆ ತಿಳಿಯಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹನ್ನೊಂದು ದಿನ ಯಾಕೆಂದರೆ ಅವಳು ಗಾಡಿ ತಂದ ಆ ಗುರುವಾರದಿಂದ ಹನ್ನೊಂದನೆಯ ದಿನಕ್ಕೆ, ಅಂದರೆ ಸೋಮವಾರಕ್ಕೆ, ಗಾಡಿಯ ಪಾಸಿಂಗ್ ಇತ್ತು. ಹಳೆಯ ಗಾಡಿಯನ್ನು ಆರ್‌ಟಿಓ ಮುಂದೆ ನಿಲ್ಲಿಸಿ ಇದಿನ್ನೂ ರಸ್ತೆಗೆ ಯೋಗ್ಯ ಎಂದು ಬರೆಸಿಕೊಳ್ಳಬೇಕು. ಹೀಗೆ ನಡುಗುವ ಗಾಡಿಗೆ ಯಾರೂ ಬರೆದುಕೊಡುವುದಿಲ್ಲ. ಪಾಸಾಗದಿದ್ದರೆ ಮಾರಿಬಿಡುತ್ತೇನೆ ಎಂದು ಅವಳ ಅಪ್ಪ ಭೀಮಣ್ಣ ಹೇಳಿಯಾಗಿತ್ತು. ಹೊಸದು ಬಂದರೆ ಅದು ಮನೆಗೆಲ್ಲ ಸೇರಿದ ದೊಡ್ಡ ಗಾಡಿಯಾಗುತ್ತದೆ, ಅದರ ಕೀಲಿ ಅಪ್ಪನ ಕಿಸೆಯಲ್ಲಿರುತ್ತದೆ. ಈ ಬಿಳಿ ಗಾಡಿಯೊಂದೇ ತನ್ನ ಕೈಯಲ್ಲಿರುವುದು ಎಂದು ಪ್ರಣಿತಾ ಹೇಳುವಾಗ ಸ್ಟೇರಿಂಗಿನ ಮೇಲಿದ್ದ ಅವಳ ಬೆರಳು ಸ್ವಲ್ಪ ಬಿಗಿಯಾಯಿತು. ಅದನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ.

ತಣ್ಣಗಿದ್ದಾಗ ಬರುವ ರೋಗವನ್ನು ತಣ್ಣಗಿದ್ದಾಗಲೇ ನೋಡಬೇಕು, ಬೆಳಗಿನ ಮೊದಲ ಸೆಲ್ಫ್ ಮೆಕ್ಯಾನಿಕ್ಕಿನ ಎದುರಿಗೇ ಹೊಡೆಯಬೇಕು ಎಂದು ವಿವರಿಸಿದೆ. ವಿವರಿಸಿ ಮುಗಿಸುವ ಮೊದಲೇ ಬಾಯಿಂದ ಇನ್ನೊಂದು ಮಾತು ಜಾರಿತು.

“ಐತವಾರ ನಸುಕಿನ್ಯಾಗ ನಾನ ಬರ್ತೀನ್ರಿ ಮೇಡಂ, ನಿಮ್ಮ ವಸ್ತಿಗೆ. ಅಲ್ಲಿತನಕ ಯಾರೂ ಕೀಲಿ ಮುಟ್ಟಬ್ಯಾಡ್ರಿ.”

ಕೌಂಟರಿನಲ್ಲಿದ್ದ ಅಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಯಾರ ಮನೆಗೂ ಹೋಗಿ ಗಾಡಿ ನೋಡಿದವನಲ್ಲ ನಾನು. ಯಾಕೆ ಹಾಗಂದೆ ಎಂದು ಆ ಹೊತ್ತಿಗೆ ನನಗೂ ಗೊತ್ತಿರಲಿಲ್ಲ.

ಭಾನುವಾರ ಐದೂವರೆಗೆ ಬೈಕ್ ಹತ್ತಿದೆ. ಜನವರಿಯ ಚಳಿ, ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದೆ. ಅಕ್ಕಲಕೋಟ ದಾಟಿ ದುಧನಿಯ ಕಡೆ ಹೊರಳಿದರೆ ಎರಡೂ ಬದಿಗೆ ತೆನೆ ಬಿಟ್ಟ ಜೋಳ. ಅವರ ವಸ್ತಿ, ಅಂದರೆ ಹೊಲದ ಮನೆ, ರಸ್ತೆಯಿಂದ ಸ್ವಲ್ಪ ಒಳಗೆ, ಹೊಲದ ನಡುವೆಯೇ ಇದೆ. ಅಂಗಳದಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು. ಪ್ರಣಿತಾ ಸೀರೆಯ ಮೇಲೆ ಅಪ್ಪನ ಸ್ವೆಟರ್ ಹಾಕಿಕೊಂಡು, ಅದರ ತೋಳಿನೊಳಗೆ ಕೈ ಎಳೆದುಕೊಂಡು ನಿಂತಿದ್ದಳು.

“ಡಾಕ್ಟರು ಬಂದ್ರು,” ಅಂದಳು. ನಗಲಿಲ್ಲ. ಆದರೆ ನಗು ಎಲ್ಲೋ ಬಾಗಿಲ ಮರೆಯಲ್ಲೇ ನಿಂತಂತಿತ್ತು.

ನಾನು ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬಿಸಿ.

ಕೀಲಿ ತಿರುವಿದರೆ ಗಾಡಿ ಒಂದೇ ಏಟಿಗೆ ಹಿಡಿಯಿತು. ಮೊದಲೇ ಯಾರು ಸ್ಟಾರ್ಟ್ ಮಾಡಿದ್ದು ಎಂದು ಕೇಳಿದೆ. ತಾನಂತೂ ಮುಟ್ಟಿಲ್ಲ ಎಂದು ಅವಳು ಹೇಳಿದಳು, ಹೇಳಿ ಮರದ ಕಡೆ ನೋಡಿದಳು. ಅಷ್ಟರಲ್ಲಿ ಭೀಮಣ್ಣ ಕಾಕಾ ತಲೆಗೆ ಟವೆಲ್ ಸುತ್ತಿಕೊಂಡು, ಹಾಲಿನ ಕ್ಯಾನು ಹಿಡಿದು ಹೊಲದ ದಾರಿಯಿಂದ ನಡೆದು ಬಂದರು. ನನ್ನನ್ನು ಕಂಡು ಕ್ಯಾನು ಕೆಳಗಿಟ್ಟು ಬರ್ರಿ ಬರ್ರಿ ಎಂದು ಎರಡು ಕೈಯಿಂದ ಕರೆದು, ನಮ್ಮಪ್ಪನ ಆರೋಗ್ಯದಿಂದ ಹಿಡಿದು ನಮ್ಮ ಮೂಲ ಊರಿನ ತನಕ ವಿಚಾರಿಸಿದರು. ಚಹಾ ಬಂತು, ಕಡಕ್ ರೊಟ್ಟಿ ಬಂತು, ಶೇಂಗಾ ಚಟ್ನಿಯ ಮೇಲೆ ಕೆನೆಮೊಸರು ಬಂತು. ರೋಗ ಮಾತ್ರ ಸಿಗಲಿಲ್ಲ. ಬುಧವಾರ ಮತ್ತೆ ಬರುತ್ತೇನೆ ಎಂದೆ.

ಬುಧವಾರವೂ ಬಾನೆಟ್ ಬಿಸಿಯಾಗಿತ್ತು.

ಅವತ್ತು ಪ್ಲಗ್ಗು, ವಯರು, ಚೋಕಿನ ತಂತಿ, ನೋಡಬಹುದಾದ್ದನ್ನೆಲ್ಲ ನೋಡಿದೆ. ಪ್ರಣಿತಾ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಳು. ಬೆಳಕು ಎಂಜಿನ್ನಿನ ಮೇಲೆ ಬೀಳುವ ಬದಲು ಆಗಾಗ ನನ್ನ ಕೈಯ ಮೇಲೆ ಬೀಳುತ್ತಿತ್ತು. ನಾನು ತಲೆಯೆತ್ತಿದರೆ ಅವಳು ಗಡಿಬಿಡಿಯಲ್ಲಿ ಟಾರ್ಚನ್ನು ಬೇರೆ ಕಡೆ ತಿರುಗಿಸುವಳು, ಅದು ನೇರ ನನ್ನ ಕಣ್ಣಿಗೇ ಹೊಡೆಯುವುದು. ಇಬ್ಬರೂ ಒಟ್ಟಿಗೆ ‘ಸಾರಿ’ ಅಂದೆವು. ಆ ಸಾರಿ ಯಾತಕ್ಕೆ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಶುಕ್ರವಾರ ಮತ್ತೊಮ್ಮೆ ಬರುತ್ತೇನೆ ಎಂದು ಹೇಳಿ ಸೊಲ್ಲಾಪುರಕ್ಕೆ ಹಿಂದಿರುಗುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಮ್ಮ ಕೆಲಸದ ರೀತಿಯೇ ಅದು. ಒಂದೊಂದೇ ಅನುಮಾನ ತೆಗೆದುಹಾಕುತ್ತ ಹೋಗಬೇಕು, ಕೊನೆಗೆ ಉಳಿದದ್ದೇ ಕಾರಣ. ಗಾಡಿಯನ್ನು ಬಿಸಿ ಮಾಡುವವರು ಯಾರು? ಭೀಮಣ್ಣ ಕಾಕಾ ಆ ಹೊತ್ತಿಗೆ ಹಾಲು ತರಲು ಹೊಲಕ್ಕೆ ಹೋಗಿರುತ್ತಾರೆ. ಅಜ್ಜಿ ಗುರುಲಿಂಗಮ್ಮನವರಿಗೆ ಎಂಬತ್ತು, ಅವರು ಗಾಡಿಯ ಬಾಗಿಲು ತೆಗೆಯಲೂ ಇನ್ನೊಬ್ಬರನ್ನು ಕರೆಯುತ್ತಾರೆ. ಮನೆಯಲ್ಲಿ ಮತ್ತೆ ಯಾರೂ ಇಲ್ಲ. ಕೀಲಿ ತೂಗುವುದು ಪ್ರಣಿತಾಳ ಪರ್ಸಿನ ಪಕ್ಕದ ಮೊಳೆಗೆ. ಉಳಿದದ್ದು ಒಂದೇ. ಅವಳೇ ಬಿಸಿ ಮಾಡುತ್ತಿದ್ದಾಳೆ, ಯಾಕೆಂದರೆ ನಾನು ಮತ್ತೆ ಬರಬೇಕು.

ಹೋಟಗಿಯ ಕಡೆ ಹೊರಳುವ ದಾರಿಯ ಹತ್ತಿರ ಬೈಕ್ ನಿಲ್ಲಿಸಿ ಸುಮ್ಮನೆ ನಿಂತುಕೊಂಡೆ. ಸಂತೋಷವೋ ಹೆದರಿಕೆಯೋ ಹೇಳಲು ಬರುತ್ತಿರಲಿಲ್ಲ. ಮೂವತ್ಮೂರು ವರ್ಷದಲ್ಲಿ ನಾನು ಬರಲಿ ಎಂದು ಯಾರೂ ಏನೂ ಮಾಡಿದ್ದಿಲ್ಲ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಸೋಮವಾರ ಗಾಡಿ ಪಾಸಾದರೆ ನನಗೆ ಆ ಅಂಗಳದಲ್ಲಿ ಕೆಲಸವಿಲ್ಲ, ಪಾಸಾಗದಿದ್ದರೆ ಅವಳಿಗೆ ತೋರಿಸಲು ಮುಖವಿಲ್ಲ. ಎರಡರ ನಡುವೆ ಸಿಕ್ಕಿಬಿದ್ದು ಆ ಎರಡು ದಿನ ಗಿರಾಕಿಗಳ ಗಾಡಿಗೆ ಎಣ್ಣೆ ಹಾಕಿದೆನೋ ನೀರು ಹಾಕಿದೆನೋ ನೆನಪಿಲ್ಲ.

ಶುಕ್ರವಾರ ನಾನು ಹೋದಾಗ ಅವಳು ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ಬಾನೆಟ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಧೈರ್ಯ ಮಾಡಿದೆ.

“ಗಾಡಿ ಯಾರು ಬಿಸಿ ಮಾಡ್ತಾರ ಅಂತ ನನಗ ಗೊತ್ತಾಗೇತ್ರಿ, ಮೇಡಂ.”

ಅವಳ ಕೈಯ ತಂಬಿಗೆ ಅಲ್ಲೇ ನಿಂತಿತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಮುಖ. ನನ್ನ ಲೆಕ್ಕ ಸರಿ ಎಂದುಕೊಂಡೆ. ಯಾರು ಹೇಳಿ ನೋಡೋಣ ಎಂದು ಕೇಳಿದಳು. ನೀವೇ ಎಂದೆ.

“ನಾ?” ಎಂದು ತಂಬಿಗೆ ಕೆಳಗಿಟ್ಟಳು. “ನಾ ಯಾಕ್ರಿ ಬಿಸಿ ಮಾಡ್ಲಿ? ಅದಿರಲಿ, ನಾ ಒಂದು ಕೇಳ್ತೀನಿ, ಹೇಳ್ರಿ. ಇಂಥಾ ಗಾಡಿ ಇದ್ರ ಮೆಕ್ಯಾನಿಕ್ ಒಂದು ರಾತ್ರಿ ತನ್ನ ಗ್ಯಾರೇಜಿನ್ಯಾಗ ಇಟ್ಕೊಂಡು ಮುಂಜಾನೆ ನೋಡ್ತಾನಂತ. ನಮ್ಮ ಸಾಲಿ ಪಾರ್ವತಿಬಾಯಿ ಟೀಚರ ಹೇಳಿದ್ರು. ನೀವ್ಯಾಕ ಹಂಗ ಅನ್ಲಿಲ್ಲ?”

ನಿಜ. ಗಾಡಿ ಬಿಟ್ಟು ಹೋಗಿ, ನಾಳೆ ನೋಡುತ್ತೇನೆ. ಅಷ್ಟೇ ಮಾತು. ಸೊಲ್ಲಾಪುರದ ಯಾವ ಮೆಕ್ಯಾನಿಕ್ ಆದರೂ ಅದನ್ನೇ ಹೇಳುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ನಾನೇ ನೂರು ಜನಕ್ಕೆ ಹೇಳಿದ್ದೇನೆ. ಇವಳೊಬ್ಬಳಿಗೆ ಹೇಳುವುದು ತಲೆಗೇ ಬರಲಿಲ್ಲ ಎಂದರೆ ಯಾರು ನಂಬುತ್ತಾರೆ? ನಾನೇ ನಂಬಲಿಲ್ಲ.

ಆಗ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ ಗುರುಲಿಂಗಮ್ಮ ಆಯಿ ನಕ್ಕರು.

“ಅಕೀಗ ಯಾಕ ಬೈತಿ ತಮ್ಮಾ? ಗಾಡಿ ಹಚ್ಚಿ ಇಡಾವ ನಮ್ಮ ಭೀಮಣ್ಣ. ಐದಕ್ಕ ಎದ್ದು, ಅದು ಹಿಡಿಯೂತನಕ ಹಚ್ಚಿ, ಕಾಯಿಸಿ ಇಟ್ಟು, ಆಮ್ಯಾಲೆ ಹಾಲಿಗೆ ಹೊಕ್ಕಾನ. ಚನ್ನವೀರಪ್ಪನ ಮಗ ಗಾಡಿ ನೆವ ಮಾಡ್ಕೊಂಡು ಹೆಣ್ಣು ನೋಡಾಕ ಬರಾಕತ್ತಾನ ಅಂತ ನಮಗ ಮೊದಲನೇ ದಿನಾನ ತಿಳದೈತಿ. ಮನಿಗೆ ಬಂದ ಪಾವಣೇರ ಮುಂದ ಗಾಡಿ ಕೆಮ್ಮಿದ್ರ ಚಂದ ಕಾಣ್ತೈತೇನು?”

ನಮ್ಮ ಕಡೆ ಹೆಣ್ಣು ನೋಡಲು ಬರುವ ದಿನ ವರ್ಷದಿಂದ ನಿಂತ ಗಡಿಯಾರಕ್ಕೂ ಸೆಲ್ ಹಾಕುತ್ತಾರೆ, ಪಕ್ಕದ ಮನೆಯ ಕುರ್ಚಿ ತಂದು ನಮ್ಮದೇ ಎನ್ನುತ್ತಾರೆ. ಅದೇ ಮರ್ಯಾದೆಯನ್ನು ಭೀಮಣ್ಣ ಕಾಕಾ ಗಾಡಿಗೂ ಮಾಡಿದ್ದರು. ಗಾಡಿಯ ರೋಗ ನೋಡಲು ಬಂದವನಿಗೆ ರೋಗ ಕಾಣದಂತೆ ಆ ಮೂರೂ ದಿನ ಐದಕ್ಕೆ ಎದ್ದು ಕಷ್ಟಪಟ್ಟಿದ್ದರು.

ಪ್ರಣಿತಾ ಅಜ್ಜಿಯ ಕಡೆ ತಿರುಗಲಿಲ್ಲ. ನನ್ನನ್ನೇ ನೋಡಿದಳು. ಎಲ್ಲರೂ ಎಲ್ಲವನ್ನೂ ತಿಳಿದುಕೊಂಡಿದ್ದಾರೆ, ತನ್ನನ್ನು ಒಂದು ಮಾತು ಕೇಳಿದವರಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿದಳು.

“ನೀವು ಖರೇನ ಹೆಣ್ಣು ನೋಡಾಕ ಬಂದಿದ್ರೇನ್ರಿ?”

ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಇತ್ತು. ಆದರೆ ಆ ಮನೆಯವರ ಮುಂದೆ ಮೋಸ ಮಾಡಿ ಸಿಕ್ಕಿಬಿದ್ದವನಂತೆ ಅನ್ನಿಸಿ ಗಾಬರಿಯಾಯಿತು.

“ಇಲ್ರಿ ಇಲ್ರಿ. ನಾ ಗಾಡಿ ನೋಡಾಕ ಬಂದಿದ್ದೆ.”

ಅವಳ ಮುಖದಲ್ಲಿ ಏನೋ ಆರಿತು. ತಂಬಿಗೆ ಎತ್ತಿಕೊಂಡು, ಶನಿವಾರ ಬೆಳಗಿನ ಶಾಲೆ ಮುಗಿಸಿ ಗಾಡಿಯನ್ನು ಗ್ಯಾರೇಜಿಗೇ ತಂದು ಬಿಡುತ್ತೇನೆ, ಇನ್ನು ನೀವು ಬರುವುದು ಬೇಡ ಎಂದಳು. ಉಳಿದ ನೀರನ್ನು ನನ್ನ ಕಾಲ ಹತ್ತಿರವೇ ಹೊಡೆದು ಒಳಗೆ ಹೋದಳು.

ಹೇಳಿದಂತೆಯೇ ತಂದು ಬಿಟ್ಟಳು. ಕೀಲಿಯನ್ನು ನನ್ನ ಕೈಗೆ ಕೊಡದೆ ಕೌಂಟರಿನ ಮೇಲಿಟ್ಟು ಬಸ್ಸಿಗೆ ಹೋದಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಶೆಡ್ಡಿನ ಬಾಗಿಲು ತೆರೆದು ಗಾಡಿಯ ಮುಂದೆ ನಿಂತೆ. ಬಾನೆಟ್ ರಾತ್ರಿಯ ಚಳಿಗೆ ತಣ್ಣಗಾಗಿತ್ತು. ಇಷ್ಟು ದಿನ ಬೇಕೆಂದದ್ದು ಕೈಗೆ ಸಿಕ್ಕಿತ್ತು, ನನಗೆ ಮುಟ್ಟಲೇ ಮನಸ್ಸಿರಲಿಲ್ಲ. ರೋಗ ಸಿಕ್ಕರೆ ಸಂಜೆ ಅವಳು ಕೀಲಿ ಒಯ್ಯುತ್ತಾಳೆ, ಅಲ್ಲಿಗೆ ಮುಗಿಯಿತು.

“ಇನ್ನೂ ಹಚ್ಚಿಲ್ಲಲ್ರಿ?”

ತಿರುಗಿ ನೋಡಿದರೆ ಪ್ರಣಿತಾ. ಮೊದಲ ಎಸ್‌ಟಿ ಬಸ್ಸು ಹಿಡಿದು ಬಂದಿದ್ದಳು. ಚಳಿಗೆ ಮೂಗಿನ ತುದಿ ಕೆಂಪಾಗಿತ್ತು. ಗಾಡಿ ನಿಮ್ಮ ಮುಂದೆ ಹೇಗೆ ಅಳುತ್ತದೆ ಎಂದು ನಾನೂ ಕಣ್ಣಾರೆ ನೋಡಬೇಕು, ಇಲ್ಲದಿದ್ದರೆ ಮತ್ತೆ ಏನೂ ಆಗಿಲ್ಲ ಎನ್ನುತ್ತೀರಿ ಎಂದಳು. ನನ್ನ ಉತ್ತರಕ್ಕೆ ಕಾಯದೆ ಡ್ರೈವರ್ ಸೀಟಿನಲ್ಲಿ ಕೂತು ಚೋಕ್ ಎಳೆದಳು.

ಮೊದಲ ಸೆಲ್ಫಿಗೆ ಹಿಡಿಯಲಿಲ್ಲ, ಎರಡನೆಯದಕ್ಕೂ ಇಲ್ಲ. ಆರನೆಯದಕ್ಕೆ ಹಿಡಿಯಿತು, ಇಡೀ ಗಾಡಿ ನಡುಗಿತು, ಕನ್ನಡಿ ಕುಣಿಯಿತು, ಢಕ್ ಎಂದು ಬಂದ್ ಬಿತ್ತು. ಗಾಜಿನ ಆಚೆ ಅವಳ ಮುಖ ಅರಳಿತು. ತನ್ನ ಗಾಡಿ ಕೆಟ್ಟದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ನಾನು ನೋಡಿಲ್ಲ.

“ನೋಡಿದ್ರ್ಯಾ? ನಾ ಸುಳ್ಳು ಹೇಳಿದ್ನೇನು?”

ಇಲ್ಲ ಎಂದೆ. ನಿಮ್ಮ ಮಾತು ನಂಬಬೇಕಿತ್ತು, ತಪ್ಪಾಯಿತು ಎಂದೂ ಹೇಳಿದೆ. ಅವಳು ಮುಂದಿನ ಸೆಲ್ಫ್ ಸ್ವಲ್ಪ ಮೆತ್ತಗೆ ಹೊಡೆದಳು.

ಆಮೇಲೆ ನಾವಿಬ್ಬರೂ ಕೆಲಸಕ್ಕೆ ನಿಂತೆವು. ಹೊಡಿರಿ ಎಂದರೆ ಹೊಡೆಯುತ್ತಿದ್ದಳು, ಸಾಕು ಎಂದರೆ ಬಿಡುತ್ತಿದ್ದಳು. ಪ್ಲಗ್ಗಿನಲ್ಲಿ ಕಿಡಿ ನೀಲಿಯಾಗಿ ಚೆನ್ನಾಗಿತ್ತು. ಪೆಟ್ರೋಲ್ ಬರುತ್ತಿತ್ತು. ಚೋಕಿನ ಪರದೆ ಪೂರ್ತಿ ಮುಚ್ಚುತ್ತಿತ್ತು. ಉಳಿದದ್ದು ಗಾಳಿ. ಎಲ್ಲಿಂದಲೋ ಬೇಡದ ಗಾಳಿ ಒಳಗೆ ಹೋಗುತ್ತಿರಬೇಕು. ಗಾಡಿ ಮತ್ತೊಮ್ಮೆ ಹಿಡಿದು ನಡುಗತೊಡಗಿದಾಗ ಎಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಲು ಅವಳಿಗೆ ಹೇಳಿ, ಸಣ್ಣ ಬಾಟಲಿಯಿಂದ ಒಂದೊಂದು ಸಂದಿಗೆ ನೀರು ಬಿಡುತ್ತ ಬಂದೆ. ಗಾಳಿ ಸೋರದಂತೆ ಕಾರ್ಬುರೇಟರಿನ ಕೆಳಗೆ ಕೂರಿಸುವ ಕರಿಯ ದಪ್ಪ ಪ್ಯಾಕಿಂಗಿನ ಹತ್ತಿರ ಬಿಟ್ಟ ನೀರು ಸುಯ್ಯೆಂದು ಒಳಗೆ ಮಾಯವಾಯಿತು, ನಡುಕ ಒಂದು ಕ್ಷಣ ನಿಂತಿತು.

ಅವಳನ್ನು ಕರೆದು ತೋರಿಸಿದೆ. ಕೂದಲೆಳೆಯಷ್ಟು ಬಿರುಕು. ತಣ್ಣಗಿದ್ದಾಗ ಬಾಯಿ ಬಿಡುತ್ತದೆ, ಎಂಜಿನ್ ಬಿಸಿಯಾದ ಮೇಲೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ನನ್ನ ಮುಂದೆ ಬಂದಾಗಲೆಲ್ಲ ಗಾಡಿ ಸುಮ್ಮನಿರುತ್ತಿತ್ತು. ಅವಳು ನನ್ನ ಭುಜದ ಪಕ್ಕ ಬಗ್ಗಿ ತುಂಬ ಹೊತ್ತು ಆ ಬಿರುಕನ್ನೇ ನೋಡಿದಳು. ಅವಳ ಶಾಲಿನಿಂದ ಬೆಳಗಿನ ಬಸ್ಸಿನ ಧೂಳಿನ ವಾಸನೆಯೂ ಕೊಬ್ಬರಿ ಎಣ್ಣೆಯ ವಾಸನೆಯೂ ಬರುತ್ತಿತ್ತು. ನಾನು ಕೈಯಲ್ಲಿದ್ದ ಬಾಟಲಿಯ ನೀರನ್ನೆಲ್ಲ ನನ್ನ ಬೂಟಿನ ಮೇಲೆ ಸುರಿದುಕೊಂಡಿದ್ದೆ.

ಅಪ್ಪ ಅಷ್ಟರಲ್ಲಿ ಬಂದು ಅರ್ಧ ಶಟರ್ ತೆಗೆದಿದ್ದರು. ಅಟ್ಟದ ಮೇಲಿನ ಹಳೆಯ ಸ್ಟಾಕಿನಲ್ಲಿ ಅದೇ ಪ್ಯಾಕಿಂಗ್ ಹುಡುಕಿ ಕೊಟ್ಟರು. ಇಷ್ಟಕ್ಕೆ ಇಷ್ಟು ದಿನ ಬೇಕಾಯಿತೇ ಎಂದು ಕೇಳಿದರು. ಅದನ್ನು ತಂದು ಕೂರಿಸಿದೆ. ಒಂದು ತಾಸಿನ ಕೆಲಸ. ಅಷ್ಟರಲ್ಲಿ ಎಂಜಿನ್ ಮತ್ತೆ ಪೂರ್ತಿ ತಣ್ಣಗಾಗಿತ್ತು. ಅವಳು ಕೀಲಿ ತಿರುವಿದಳು, ಒಂದೇ ಸೆಲ್ಫಿಗೆ ಹಿಡಿಯಿತು, ಚೋಕ್ ಒಳಗೆ ಒತ್ತಿದ ಮೇಲೂ ಕನ್ನಡಿ ಅಲುಗಲಿಲ್ಲ. ನಾಳೆಯ ಪಾಸಿಂಗಿಗೆ ಇನ್ನು ಭಯವಿರಲಿಲ್ಲ.

ಅವಳು ಗಾಡಿ ಬಂದ್ ಮಾಡಿದಳು.

“ಅಪ್ಪ ನಸುಕಿನ್ಯಾಗ ಗಾಡಿ ಹಚ್ಚೋದು ನನಗ ಮೊದಲನೇ ದಿನಾನ ಕೇಳಿಸಿತ್ರಿ,” ಎಂದಳು, ಸ್ಟೇರಿಂಗ್ ನೋಡುತ್ತ. “ಒಂದು ಮಾತು ಹೇಳಿದ್ರ ಅಪ್ಪ ಬಿಡ್ತಿದ್ರು. ನಾ ಹೇಳ್ಲಿಲ್ಲ. ಹೇಳಿದ್ರ ನೀವು ಅವತ್ತ ರಿಪೇರಿ ಮಾಡಿ ಹೋಗ್ತಿದ್ರಿ.”

ನನ್ನ ಎದೆ ಸೆಲ್ಫ್ ಹೊಡೆದಂತೆ ಒಮ್ಮೆ ಜಗ್ಗಿತು. ಗಾಡಿ ಒಂದು ರಾತ್ರಿ ಬಿಟ್ಟು ಹೋಗಿ ಎನ್ನಬೇಕು ಎಂಬುದು ನನಗೂ ಗೊತ್ತಿತ್ತು, ನಾನೂ ಅನ್ನಲಿಲ್ಲ ಎಂದೆ.

“ಮತ್ತ ಶುಕ್ರವಾರ ಇಲ್ರಿ ಇಲ್ರಿ ಅಂದ್ರಲ್ಲ?”

ಹೆದರಿದ್ದೆ ಎನ್ನಬೇಕಿತ್ತು. ಎರಡು ಕಡೆಯವರು ‘ತಿಳಿಸ್ತೀವಿ’ ಎಂದು ಹೋದದ್ದನ್ನು, ಮೂರನೆಯ ಸಲ ಅದನ್ನು ಇವಳ ಬಾಯಿಂದ ಕೇಳಲಾರೆ ಎಂಬುದನ್ನು ಹೇಳಬೇಕಿತ್ತು. ಚಿಂದಿ ಬಟ್ಟೆಯಲ್ಲಿ ಕ್ಲೀನಾಗಿಯೇ ಇದ್ದ ಸ್ಪ್ಯಾನರ್ ಒರೆಸುತ್ತ ನಿಂತೆ. ಅವಳು ಇಳಿದು, ಬಾಗಿಲು ಹಾಕಿ, ನೇರ ಅಂಗಡಿಯ ಕೌಂಟರಿಗೆ ಹೋದಳು. ನಾನು ಹಿಂದೆಯೇ ಓಡಿದೆ.

“ಕಾಕಾ,” ಎಂದಳು ನಮ್ಮಪ್ಪನಿಗೆ. “ನಿಮ್ಮ ಮಗ ನಮ್ಮ ಮನಿಗೆ ಮೂರು ಸಲ ಬಂದ್ರು. ಯಾತಕ್ಕ ಬಂದಿದ್ರು ಅಂತ ನಮ್ಮ ಮನ್ಯಾಗ ಒಬ್ಬೊಬ್ಬರು ಒಂದೊಂದು ತಿಳ್ಕೊಂಡಾರ. ಅವರ ಬಾಯಿಂದ ನಾ ಇನ್ನೂ ಕೇಳಿಲ್ರಿ. ನೀವರ ಕೇಳ್ರಿ.”

ಅಪ್ಪ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು. ಇಬ್ಬರೂ ನನ್ನ ಕಡೆ ನೋಡಿದರು. ತೆಗೆದುಹಾಕಲು ಇನ್ನು ಯಾವ ಅನುಮಾನವೂ ಉಳಿದಿರಲಿಲ್ಲ. ಕೇಳಬೇಕಾದವಳು ಪಕ್ಕದಲ್ಲೇ ನಿಂತಿದ್ದಳು, ಅವಳ ಕಡೆಗೇ ತಿರುಗಿದೆ. ಇಷ್ಟು ದಿನ ಮೇಡಂ ಎಂದು ಕರೆದವನು ಅವತ್ತು ಹೆಸರು ಹಿಡಿದೆ.

“ಪ್ರಣಿತಾ, ನಾ ನಿಮಗೋಸ್ಕರ ಬರ್ತಿದ್ದೆ. ಲಗ್ನಕ್ಕ ನೀವು ಒಪ್ಪೀರೇನ್ರಿ? ಮನ್ಯಾಗ ಆಮ್ಯಾಲೆ ಕೇಳೋಣ. ಮೊದಲ ನಿಮಗ ಕೇಳಾಕತ್ತೀನಿ.”

ಅಷ್ಟು ಜೋರಾಗಿ ಬಂದವಳು ಈಗ ಶಾಲಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕಣ್ಣಲ್ಲಿ ನೀರು ಬಂದಿತ್ತು, ಅದರ ಮೇಲೆಯೇ ನಗುತ್ತಿದ್ದಳು.

“ಒಪ್ಪೀನ್ರಿ,” ಎಂದಳು. “ನೀವು ಕೇಳಿದ್ರಲ್ಲ, ಅದಕ್ಕ ಒಪ್ಪೀನಿ.”

ಅಪ್ಪ ಕನ್ನಡಕವನ್ನು ಮತ್ತೆ ಹಾಕಿಕೊಂಡು, ಭೀಮಣ್ಣನವರ ನಂಬರ್ ಹೇಳು ತಂಗಿ ಎಂದು ಫೋನ್ ಕೈಗೆತ್ತಿಕೊಂಡರು.